ಸಾಲ್ವೆಂಟ್ ಯಾರ್ಡ್ ಪಕ್ಕದಲ್ಲೇ ಹೊಸ ಕ್ಯಾಂಟೀನ್ ಕಟ್ಟಡ: ಎಷ್ಟು ದೂರ ಇದ್ದರೆ ಸರಿ?

ಬೀದರ್_ಸೇಫ್ಟಿ

ಎಲ್ಲರಿಗೂ ನಮಸ್ಕಾರ. ಬೀದರ್ ಕಡೆ ಒಂದು ಬಲ್ಕ್ ಡ್ರಗ್ (ಔಷಧದ ಮೂಲವಸ್ತು) ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್ ಆಗಿದ್ದೇನೆ. ಕಾರ್ಖಾನೆಯ ಹೆಸರು ಹೇಳುವುದಿಲ್ಲ, ನೌಕರಿ ಬೇಕಲ್ವಾ. ಓದಿದ್ದು ಮೆಕ್ಯಾನಿಕಲ್, ಆಮೇಲೆ ಸೇಫ್ಟಿ ಡಿಪ್ಲೊಮಾ. ಕಟ್ಟಡದ ವಿಷಯದಲ್ಲಿ ವಾದ ಮಾಡಲು ಹೋದರೆ ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಕ್ಯಾಂಟೀನ್ ಈಗ ಗೇಟಿನ ಹತ್ತಿರ ತಗಡಿನ ಶೆಡ್‌ನಲ್ಲಿದೆ. ಪ್ರೊಡಕ್ಷನ್ ಬ್ಲಾಕಿನಿಂದ ಸುಮಾರು 150 ಮೀಟರ್. ಏಪ್ರಿಲ್‌ನಲ್ಲಿ ಅಲ್ಲಿ ಕೂತು ಉಂಡರೆ ಬೆವರು ತಟ್ಟೆಗೇ ಬೀಳುತ್ತದೆ. ಈಗ ಎರಡು ಮಹಡಿಯ ಹೊಸ ಕಟ್ಟಡಕ್ಕೆ ನಕ್ಷೆ ಬಂದಿದೆ. ಕೆಳಗೆ ಅಡುಗೆಮನೆ ಮತ್ತು ಕ್ಯಾಂಟೀನ್, ಮೇಲೆ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಲ್ಯಾಬ್ ಮತ್ತು ಟ್ರೇನಿಂಗ್ ಹಾಲ್. ಜಾಗ ಎಲ್ಲಿ ಅಂದರೆ, ಸಾಲ್ವೆಂಟ್ (ದ್ರಾವಕ) ಯಾರ್ಡಿನ ಡೈಕ್ ಗೋಡೆಯಿಂದ (ಟ್ಯಾಂಕ್ ಸೋರಿದರೆ ದ್ರವ ಹೊರಹೋಗದಂತೆ ಸುತ್ತ ಕಟ್ಟಿದ ಗೋಡೆ) 28 ಮೀಟರ್. ಯಾರ್ಡಿನಲ್ಲಿ ಟೊಲ್ಯೂನ್, ಮೆಥನಾಲ್, ಅಸಿಟೋನ್ ಟ್ಯಾಂಕ್‌ಗಳಿವೆ. ಟ್ಯಾಂಕರ್ ಅನ್‌ಲೋಡಿಂಗ್ ಕೂಡ ಅದೇ ಬದಿಗೆ. ಕಟ್ಟಡದ ಆ ಮುಖಕ್ಕೆ ಮೇಲಿಂದ ಕೆಳಗಿನವರೆಗೂ ಗಾಜು. ವಿಸಿಟರ್ ಬಂದಾಗ ಪ್ಲಾಂಟ್ ಚೆನ್ನಾಗಿ ಕಾಣಬೇಕಂತೆ.

ನಾನು ತಕರಾರು ಎತ್ತಿದೆ. ಪ್ಲಾಂಟ್ ಹೆಡ್ ಹೇಳಿದ್ದು: "ಪೆಸೋ (ಪೆಟ್ರೋಲಿಯಂ, ಸ್ಫೋಟಕಗಳ ಸುರಕ್ಷತೆಯ ಕೇಂದ್ರ ಸಂಸ್ಥೆ) ಲೈಸೆನ್ಸಿಗೆ ಬೇಕಾದ ದೂರ ಬಿಟ್ಟಿದ್ದೇವೆ. ಇನ್ನೇನು ಬೇಕು ನಿಮಗೆ? ಜನ ಊಟಕ್ಕೆ ಹೋಗಿ ಬರುವುದರಲ್ಲೇ ಅರ್ಧ ಗಂಟೆ ಹಾಳಾಗುತ್ತಿದೆ." ಅವರ ಮಾತಿನಲ್ಲೂ ಹುರುಳಿಲ್ಲ ಎನ್ನಲು ಆಗುವುದಿಲ್ಲ.

ಇನ್ನೊಂದು ವಿಷಯ. ಕಾಂಟ್ರ್ಯಾಕ್ಟ್ ಹುಡುಗರು ಕೂರಲು ಒಂದು ಹಳೇ ಕಂಟೇನರ್ ತಂದು ಯಾರ್ಡಿನ ಬೇಲಿಗೆ ಒತ್ತಿಯೇ ಇಟ್ಟಿದ್ದಾರೆ. ಅಲ್ಲಿ ಬೇವಿನ ಮರದ ನೆರಳು ಇದೆ ಅಂತ. ಕೇಳಿದರೆ "ಟೆಂಪರರಿ" ಎನ್ನುತ್ತಾರೆ.

ನನ್ನ ಪ್ರಶ್ನೆಗಳು: ಇಷ್ಟು ಮೀಟರ್ ಬಿಟ್ಟರೆ ಸುರಕ್ಷಿತ ಎನ್ನುವ ಸೂತ್ರ ಏನಾದರೂ ಇದೆಯಾ? ಇಟ್ಟಿಗೆ ಬದಲು ಆರ್‌ಸಿಸಿ ಮಾಡಿದರೆ ಇದೇ ಜಾಗದಲ್ಲಿ ನಡೆಯುತ್ತದೆಯಾ? ಮ್ಯಾನೇಜ್‌ಮೆಂಟ್ ಮುಂದೆ ಏನು ಇಡಲಿ?

ಗಾಳಿಪಟ_77

ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತದೆ ನೋಡಿ. ಹವಾಮಾನ ಇಲಾಖೆಯಿಂದ ವಿಂಡ್ ರೋಸ್ (ಯಾವ ದಿಕ್ಕಿನಿಂದ ಗಾಳಿ ಎಷ್ಟು ಬೀಸುತ್ತದೆ ಎಂಬ ಚಿತ್ರ) ತೆಗೆದುಕೊಳ್ಳಿ. ಗಾಳಿ ಬರುವ ದಿಕ್ಕಿಗೆ ಕಟ್ಟಡ ಹಾಕಿದರೆ ಲೀಕ್ ಆದ ಆವಿ ಆ ಕಡೆ ಬರುವುದಿಲ್ಲ. ಮುಕ್ಕಾಲು ಸಮಸ್ಯೆ ಅಲ್ಲಿಗೇ ಮುಗಿಯಿತು. 28 ಮೀಟರ್ ಕಡಿಮೆ ಏನಲ್ಲ, ಎಷ್ಟೋ ಕಡೆ ಹತ್ತು ಮೀಟರ್ ಕೂಡ ಇಲ್ಲದ್ದನ್ನು ಕಂಡಿದ್ದೇನೆ.

ಸುರತ್ಕಲ್_ಶಿಫ್ಟ್

ಗಲ್ಫ್‌ನಲ್ಲಿ ಪೆಟ್ರೋಕೆಮಿಕಲ್ ಪ್ಲಾಂಟ್ ಒಂದರಲ್ಲಿ ಶಿಫ್ಟ್ ಇನ್‌ಚಾರ್ಜ್ ಆಗಿದ್ದೆ, ಈಗ ಊರಿಗೆ ಬಂದು ಕೂತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಮೊದಲು ಗಾಳಿಯದ್ದು ಮುಗಿಸುವ. ಗಾಳಿಪಟದವರೇ, ವಿಷಗಾಳಿಗೆ ನಿಮ್ಮ ಮಾತು ಸರಿ. ಆದರೆ ಬೀದರ್ ಕಡೆ ಮಳೆಗಾಲದಲ್ಲಿ ಗಾಳಿ ಪಡುವಣದಿಂದ, ಚಳಿಗಾಲದಲ್ಲಿ ಮೂಡಣದಿಂದ. ಕಟ್ಟಡ ಯಾವ ದಿಕ್ಕಿಗೆ ಹಾಕಿದರೂ ವರ್ಷದಲ್ಲಿ ಒಂದಷ್ಟು ತಿಂಗಳು ಅದು ತಪ್ಪು ದಿಕ್ಕೇ. ಇನ್ನು ಸ್ಫೋಟ ಗಾಳಿಯನ್ನು ಕೇಳಿಕೊಂಡು ಹೋಗುವುದಿಲ್ಲ ಮಾರಾಯ್ರೆ, ಸುತ್ತಲೂ ಹೋಗುತ್ತದೆ. ಅದಕ್ಕಿಂತ ಮುಖ್ಯ, ಗಾಳಿಯೇ ಇಲ್ಲದ ಹೊತ್ತು ಎಲ್ಲಕ್ಕಿಂತ ಕೆಟ್ಟದ್ದು. 2005ರ ಡಿಸೆಂಬರ್ 11ರಂದು ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಡಿಪೋ ಸ್ಫೋಟಿಸಿತು. 2009ರ ಅಕ್ಟೋಬರ್ 29ರಂದು ಜೈಪುರದ ಸೀತಾಪುರದಲ್ಲಿ ತೈಲ ಡಿಪೋ ಸ್ಫೋಟಿಸಿತು. ಎರಡೂ ಕಡೆ ಗಾಳಿ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಪೆಟ್ರೋಲ್ ಆವಿ ಚದುರದೆ ನೆಲಕ್ಕೆ ಅಂಟಿಕೊಂಡು ಹರಡುತ್ತಾ ಹೋಯಿತು. ಜೈಪುರದಲ್ಲಿ ಒಂದು ಗಂಟೆಗೂ ಜಾಸ್ತಿ ಹೊತ್ತು ಹರಡಿತು, ಆಮೇಲೆ ಎಲ್ಲೋ ಕಿಡಿ ಸಿಕ್ಕಿತು. 11 ಜನ ಸತ್ತರು. ಬನ್ಸ್‌ಫೀಲ್ಡ್‌ನಲ್ಲಿ ಒಬ್ಬರೂ ಸಾಯಲಿಲ್ಲ. ಕಾರಣ, ಅದು ಭಾನುವಾರ ಬೆಳಗ್ಗೆ ಆರು ಗಂಟೆ. ಪಕ್ಕದ ಆಫೀಸು ಕಟ್ಟಡಗಳು ಹಾಳಾಗಿದ್ದವು, ಆದರೆ ಕುರ್ಚಿಗಳು ಖಾಲಿ ಇದ್ದವು.

ಈಗ ನಿಮ್ಮ ಕಟ್ಟಡಕ್ಕೆ ಬರುವ. ಇದನ್ನು ಮ್ಯಾನೇಜ್‌ಮೆಂಟ್‌ಗೆ ಬಿಡಿಸಿ ಹೇಳಿ: ಸ್ಫೋಟದ ಒತ್ತಡ ನೇರವಾಗಿ ಮನುಷ್ಯನನ್ನು ಕೊಲ್ಲುವುದು ಕಡಿಮೆ. ಕೊಲ್ಲುವುದು ಕಟ್ಟಡ. ಒಂದು ಪಿಎಸ್‌ಐ (ಒಂದು ಚದರ ಅಂಗುಲಕ್ಕೆ ಒಂದು ಪೌಂಡ್) ಒತ್ತಡಕ್ಕೆ ಸಾಮಾನ್ಯ ಕಿಟಕಿ ಗಾಜು ಉಳಿಯುವುದಿಲ್ಲ. ಒಂದರಿಂದ ಎರಡು ಪಿಎಸ್‌ಐ ಒಳಗೆ ಮಾಮೂಲಿ ಇಟ್ಟಿಗೆ ಗೋಡೆ ಕುಸಿಯಲು ಶುರು. ಸ್ಕೂಟರ್ ಟಯರಿಗೆ ನಾವು 25, 30 ಪಿಎಸ್‌ಐ ಹಾಕಿಸುತ್ತೇವೆ, ಅದರ ಮುಂದೆ ಇದು ಏನೂ ಅಲ್ಲ. ಮನುಷ್ಯನ ಕಿವಿ ತಮಟೆ ಹರಿಯಲು ಸುಮಾರು ಐದು ಬೇಕು, ಶ್ವಾಸಕೋಶಕ್ಕೆ ಪೆಟ್ಟಾಗಲು ಹತ್ತಕ್ಕಿಂತ ಮೇಲೆ ಬೇಕು. ಅಂದರೆ ಬಯಲಲ್ಲಿ ನಿಂತವನು ಕೆಳಗೆ ಬಿದ್ದು ಎದ್ದು ಬರಬಹುದಾದ ಜಾಗದಲ್ಲೇ ಕಟ್ಟಡದ ಒಳಗೆ ಕೂತವನ ಮೇಲೆ ಸ್ಲ್ಯಾಬ್ ಬೀಳುತ್ತದೆ.

1974ರ ಜೂನ್ 1, ಇಂಗ್ಲೆಂಡಿನ ಫ್ಲಿಕ್ಸ್‌ಬರೋ. ನೈಲಾನ್‌ಗೆ ಬೇಕಾದ ಕ್ಯಾಪ್ರೊಲ್ಯಾಕ್ಟಮ್ ಮಾಡುವ ಕಾರ್ಖಾನೆ. ಸಾಲಾಗಿ ಆರು ರಿಯಾಕ್ಟರ್. ಐದನೆಯದರಲ್ಲಿ ಬಿರುಕು ಕಂಡಿತು ಅಂತ ಅದನ್ನು ತೆಗೆದು, ನಾಲ್ಕರಿಂದ ಆರಕ್ಕೆ ತಾತ್ಕಾಲಿಕ ಪೈಪ್ ಜೋಡಿಸಿದ್ದರು. ಸರಿಯಾದ ಡಿಸೈನ್ ಲೆಕ್ಕ ಇರಲಿಲ್ಲ. ಪೈಪ್ ಕಿತ್ತು ಹೋಯಿತು, ಸೈಕ್ಲೋಹೆಕ್ಸೇನ್ ಮೋಡದ ಹಾಗೆ ಹೊರಬಂತು, ಸ್ಫೋಟವಾಯಿತು. ಸತ್ತವರು 28 ಜನ. ಅವರಲ್ಲಿ 18 ಜನ ಒಂದೇ ಕಂಟ್ರೋಲ್ ರೂಮಿನಲ್ಲಿದ್ದರು. ಕಿಟಕಿ ಒಡೆದು, ಮಾಡು ಕುಸಿದು, ಒಳಗಿದ್ದ ಒಬ್ಬರೂ ಉಳಿಯಲಿಲ್ಲ. ಅದು ಶನಿವಾರ ಸಂಜೆ. ವಾರದ ದಿನ ಆಗಿದ್ದರೆ ಆಫೀಸು ಕಟ್ಟಡದಲ್ಲೂ ಜನ ತುಂಬಿರುತ್ತಿದ್ದರು. ಬೇರೆ ಬೇರೆ ದೇಶಗಳು ಕಂಟ್ರೋಲ್ ರೂಮನ್ನು ಗಟ್ಟಿಯಾಗಿ, ದೂರದಲ್ಲಿ ಕಟ್ಟಬೇಕು ಎಂದು ಗಂಭೀರವಾಗಿ ಯೋಚಿಸಿದ್ದರಲ್ಲಿ ಈ ಪ್ರಕರಣದ ಪಾಲು ದೊಡ್ಡದು. ನಮ್ಮಲ್ಲೂ ತೈಲ ಉದ್ಯಮಕ್ಕೆ ಒಐಎಸ್‌ಡಿಯ (ತೈಲ ಉದ್ಯಮ ಸುರಕ್ಷತಾ ನಿರ್ದೇಶನಾಲಯ) 163ನೇ ಸ್ಟ್ಯಾಂಡರ್ಡ್ ಕಂಟ್ರೋಲ್ ರೂಮಿನ ಬಗ್ಗೆಯೇ ಇದೆ.

ನಾನು ಕೂತಿದ್ದ ಕಂಟ್ರೋಲ್ ರೂಮಿಗೆ ಒಂದು ಕಿಟಕಿಯೂ ಇರಲಿಲ್ಲ. ಒಳಗೆ ಹೋಗಲು ಎರಡು ಬಾಗಿಲು, ಒಂದು ಮುಚ್ಚಿದ ಮೇಲೇ ಇನ್ನೊಂದು ತೆರೆಯುವುದು. ಎಸಿಗೆ ಗಾಳಿ ಎಳೆಯುವ ಬಾಯಲ್ಲಿ ಗ್ಯಾಸ್ ಡಿಟೆಕ್ಟರ್. ವಾಸನೆ ಸಿಕ್ಕಿದರೆ ಡ್ಯಾಂಪರ್ (ಗಾಳಿ ದಾರಿಯ ಮುಚ್ಚಳ) ತಾನೇ ಮುಚ್ಚಿಕೊಳ್ಳುತ್ತಿತ್ತು. ಹೊಸದಾಗಿ ಬಂದವರೆಲ್ಲ "ಇದೇನು ಜೈಲಾ" ಅನ್ನುತ್ತಿದ್ದರು. ಹೊರಗೆ ಮಳೆ ಬಂದರೂ ನಮಗೆ ಗೊತ್ತಾಗುತ್ತಿರಲಿಲ್ಲ (ಅಲ್ಲಿ ಮಳೆ ಬರುವುದೇ ಅಪರೂಪ ಬಿಡಿ).

ಇನ್ನು ನಿಮ್ಮ ಕಂಟೇನರ್. ಅದರ ಬಗ್ಗೆ ನನಗೆ ಕಟ್ಟಡಕ್ಕಿಂತ ಜಾಸ್ತಿ ಚಿಂತೆ. 2005ರ ಮಾರ್ಚ್ 23, ಅಮೆರಿಕದ ಟೆಕ್ಸಾಸ್ ಸಿಟಿ, ಬಿಪಿ ರಿಫೈನರಿ. ಒಂದು ಯೂನಿಟ್ ಸ್ಟಾರ್ಟ್ ಮಾಡುತ್ತಿದ್ದರು. ಟವರ್‌ನಲ್ಲಿ ದ್ರವ ಮಿತಿಮೀರಿ ತುಂಬಿ, ಬ್ಲೋಡೌನ್ ಡ್ರಮ್‌ನ (ಯೂನಿಟ್ ಹೊರಬಿಟ್ಟ ದ್ರವ, ಆವಿ ಬಂದು ಸೇರುವ ಪಾತ್ರೆ) ಚಿಮಣಿಯಿಂದ ಹೊರಗೆ ಸುರಿಯಿತು. ಹತ್ತಿರದಲ್ಲಿ ಎಂಜಿನ್ ಚಾಲೂ ಇದ್ದ ಡೀಸೆಲ್ ಪಿಕಪ್‌ನಿಂದ ಬೆಂಕಿ ಹತ್ತಿತು ಅಂತ ತನಿಖೆ ಹೇಳುತ್ತದೆ. 15 ಜನ ಸತ್ತರು, 180 ಜನಕ್ಕೆ ಗಾಯ. ಸತ್ತ ಹದಿನೈದೂ ಜನ ಕಾಂಟ್ರ್ಯಾಕ್ಟರ್‌ಗಳ ಟ್ರೇಲರ್ ಆಫೀಸುಗಳ ಒಳಗೆ ಅಥವಾ ಅವುಗಳ ಸುತ್ತ ಇದ್ದವರು. ಆ ಯೂನಿಟ್‌ಗೂ ಅವರಿಗೂ ಸಂಬಂಧವೇ ಇರಲಿಲ್ಲ, ಅವರು ಪಕ್ಕದ ಇನ್ನೊಂದು ಯೂನಿಟ್‌ನ ಶಟ್‌ಡೌನ್ ಕೆಲಸಕ್ಕೆ ಬಂದವರು. ಇಲ್ಲಿ ಸ್ಟಾರ್ಟ್ ಆಗುತ್ತಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅದೇ ಮಧ್ಯಾಹ್ನ, ಒಂದು ತಿಂಗಳು ಯಾರಿಗೂ ಪೆಟ್ಟಾಗಿಲ್ಲ ಅಂತ ಅವರಿಗೆ ಊಟ ಹಾಕಿಸಿದ್ದರು. ಉಂಡು ಟ್ರೇಲರ್‌ಗೆ ವಾಪಸ್ ಬಂದಿದ್ದರು.

ಹತ್ತಿರದ ಟ್ರೇಲರ್ ಆ ಡ್ರಮ್‌ನಿಂದ 121 ಅಡಿ, ಅಂದರೆ 37 ಮೀಟರ್. ಅಲ್ಲಿನ ಸರಕು ನಿಮ್ಮ ಯಾರ್ಡಿಗಿಂತ ಎಷ್ಟೋ ಜಾಸ್ತಿ, ಮೀಟರಿಗೆ ಮೀಟರ್ ಹೋಲಿಸಬೇಡಿ. ಆದರೆ "ಟೆಂಪರರಿ" ಅನ್ನುವ ಮಾತನ್ನು ಹೋಲಿಸಿ. ಆ ಟ್ರೇಲರ್‌ಗಳೂ ಟೆಂಪರರಿಯೇ. ಅದಾದ ಮೇಲೆ ಅಮೆರಿಕದ ತೈಲ ಉದ್ಯಮದ ಎಪಿಐ ಸಂಸ್ಥೆ 2007ರಲ್ಲಿ ಬರೀ ಇಂಥ ಕ್ಯಾಬಿನ್‌ಗಳಿಗಾಗಿ 753 ಅಂತ ಒಂದು ಮಾರ್ಗಸೂಚಿ ತಂದಿತು. ಕಾಯಂ ಕಟ್ಟಡಗಳಿಗೆ 752 ಮೊದಲೇ ಇತ್ತು. 753ರ ತಿರುಳು ಇಷ್ಟೇ: ಆ ಯೂನಿಟ್‌ನಲ್ಲಿ ಕೆಲಸ ಇಲ್ಲದವನು ಅದರ ಹತ್ತಿರ ಕೂರಬಾರದು. ಸ್ಟಾರ್ಟ್ ಮಾಡುವಾಗಲಂತೂ ಕೂರಲೇಬಾರದು. ಕಂಟೇನರ್ ಸರಿಸಲು ಒಂದು ಹೈಡ್ರಾ ಕ್ರೇನ್, ಒಂದು ಬೆಳಗ್ಗೆ ಸಾಕು. ನೆರಳು ಬೇಕಾದರೆ ಬೇರೆ ಕಡೆ ನಾಲ್ಕು ಕಂಬ ನೆಟ್ಟು ಶೇಡ್ ನೆಟ್ ಕಟ್ಟಿಸಿ. ಬಿದ್ದರೂ ತಲೆಗೆ ಪೆಟ್ಟಾಗದಷ್ಟು ಹಗುರ.

ಕೊನೆಗೆ, ನಿಮ್ಮಲ್ಲಿ ಯಾರೂ ಗಮನಿಸದ ಒಂದು ಸಂಗತಿ. ಕ್ಯಾಂಟೀನ್ ಅಂದರೆ ಒಲೆ. ಟೊಲ್ಯೂನ್ ಆವಿ ಗಾಳಿಗಿಂತ ಮೂರು ಪಟ್ಟು ಭಾರ, ಅಸಿಟೋನ್ ಎರಡು ಪಟ್ಟು. ಚೆಲ್ಲಿದರೆ ಮೇಲಕ್ಕೆ ಹೋಗುವುದಿಲ್ಲ, ಮಳೆನೀರಿನ ಚರಂಡಿ ಹಿಡಿದು ತಗ್ಗಿಗೆ ಇಳಿಯುತ್ತದೆ. ಟೊಲ್ಯೂನ್‌ನ ಫ್ಲ್ಯಾಶ್ ಪಾಯಿಂಟ್ (ಕಿಡಿ ತಾಗಿದರೆ ಹೊತ್ತುವಷ್ಟು ಆವಿ ಏಳುವ ಉಷ್ಣತೆ) ಸುಮಾರು 4 ಡಿಗ್ರಿ, ಅಸಿಟೋನ್‌ನದು ಸೊನ್ನೆಗಿಂತ ಎಷ್ಟೋ ಕೆಳಗೆ. ಬೀದರ್ ಬೇಸಿಗೆಯಲ್ಲಿ ಕೇಳುವುದೇ ಬೇಡ. ನೀವು ಟ್ಯಾಂಕರ್ ಡ್ರೈವರ್‌ನ ಬೀಡಿ, ಮೊಬೈಲು ಗೇಟಿನಲ್ಲೇ ಕಿತ್ತಿಟ್ಟುಕೊಳ್ಳುತ್ತೀರಿ. ಆಮೇಲೆ 28 ಮೀಟರ್ ದೂರದಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಎಲ್‌ಪಿಜಿ ಬರ್ನರ್ ಉರಿಸುತ್ತೀರಿ. ಅದರ ನೆತ್ತಿಯ ಮೇಲೆ ಸಾಲ್ವೆಂಟ್ ಬಾಟಲಿ ತುಂಬಿದ ಲ್ಯಾಬ್! ಈ ನಕ್ಷೆ ಮಾಡಿದ ಪುಣ್ಯಾತ್ಮ ಯಾರು?

ಬೀದರ್_ಸೇಫ್ಟಿ

ಸರ್, ತುಂಬಾ ಧನ್ಯವಾದ. ಒಲೆಯ ವಿಷಯ ನನಗೆ ಹೊಳೆದೇ ಇರಲಿಲ್ಲ. ಇವತ್ತು ಸಂಜೆ ಚರಂಡಿ ಹಿಡಿದು ನಡೆದು ನೋಡಿದೆ. ಯಾರ್ಡಿನ ಹೊರಗಿನ ಮಳೆನೀರು ಚರಂಡಿ ಹೊಸ ಜಾಗದ ಪಕ್ಕದಲ್ಲೇ ಹಾದು ಹೋಗುತ್ತದೆ, ಇಳಿಜಾರೂ ಆ ಕಡೆಗೇ. ಡೈಕ್ ವಾಲ್ವ್ ಮುಚ್ಚಿಯೇ ಇರುತ್ತದೆ. ಆದರೆ ಅನ್‌ಲೋಡಿಂಗ್ ಜಾಗ ಡೈಕ್ ಒಳಗೆ ಇಲ್ಲ. ಅಲ್ಲಿ ಹೋಸ್ ಕಿತ್ತರೆ ಸೀದಾ ಚರಂಡಿಗೆ.

ನಕ್ಷೆ ಹೈದರಾಬಾದಿನವರದ್ದು. ಅವರು ಈಗ "ಗಾಜು ತೆಗೆದು ಆರ್‌ಸಿಸಿ ಮಾಡುತ್ತೇವೆ, ನಡುವೆ ಒಂದು ಬ್ಲಾಸ್ಟ್ ವಾಲ್ ಎತ್ತುತ್ತೇವೆ" ಅನ್ನುತ್ತಿದ್ದಾರೆ. ಇದು ಸರಿಯಾ?

ಕಾಂಕ್ರೀಟ್_ಅಕ್ಕ

ನಾನು ಸ್ಟ್ರಕ್ಚರಲ್ ಕೆಲಸ ಮಾಡುವವಳು, ಬೆಂಗಳೂರು. ಇದಕ್ಕೆ ನಾನು ಉತ್ತರಿಸುತ್ತೇನೆ.

"ಆರ್‌ಸಿಸಿ ಕಟ್ಟಡ" ಅಂತ ನಮ್ಮಲ್ಲಿ ಕರೆಯುವುದು ಸಾಮಾನ್ಯವಾಗಿ ಆರ್‌ಸಿಸಿ ಕಂಬ, ತೊಲೆ, ಸ್ಲ್ಯಾಬ್. ನಡುವೆ ತುಂಬುವುದು ಅದೇ ಇಟ್ಟಿಗೆ ಅಥವಾ ಬ್ಲಾಕ್. ಸ್ಫೋಟವಾದರೆ ಕಂಬ ನಿಂತಿರಬಹುದು, ತುಂಬಿದ ಗೋಡೆ ಇಡಿಯಾಗಿ ಒಳಗೆ ಬರುತ್ತದೆ. ಊಟದ ಟೇಬಲ್ ಇರುವುದು ಆ ಗೋಡೆಯ ಪಕ್ಕದಲ್ಲೇ. ಕಂಬವೇ ಇಲ್ಲದೆ ಗೋಡೆಯ ಮೇಲೇ ಸ್ಲ್ಯಾಬ್ ಕೂರಿಸಿದ ಕಟ್ಟಡ ಇನ್ನೂ ಕೆಟ್ಟದ್ದು, ಗೋಡೆ ಹೋದರೆ ಸ್ಲ್ಯಾಬ್ ಹಾಗೇ ಕೆಳಗೆ. ನಿಮ್ಮ ಕಡೆ ಹಳೇ ಶೆಡ್‌ಗಳಿಗೆ ಶಹಾಬಾದ್ ಕಲ್ಲಿನ ಹಾಸು ಮಾಡು ಇರುತ್ತದೆ ನೋಡಿ, ಬರೀ ಗೋಡೆಯ ಮೇಲೆ ಇಟ್ಟಿದ್ದು. ಅಂಥದ್ದು ಏನಾದರೂ ಪ್ಲಾಂಟ್ ಪಕ್ಕ ಇದ್ದು ಒಳಗೆ ಜನ ಕೂರುತ್ತಿದ್ದರೆ ಹೊಸ ಕಟ್ಟಡಕ್ಕಿಂತ ಮೊದಲು ಅವರನ್ನು ಖಾಲಿ ಮಾಡಿಸಿ.

ಬ್ಲಾಸ್ಟ್ ವಾಲ್ ಬಗ್ಗೆ: ಒತ್ತಡದ ಅಲೆ ಗೋಡೆಯ ಮೇಲಿಂದ, ಪಕ್ಕದಿಂದ ಸುತ್ತಿ ಬರುತ್ತದೆ. ತೀರಾ ಹತ್ತಿರ, ಸರಿಯಾಗಿ ಲೆಕ್ಕ ಹಾಕಿ ಕಟ್ಟಿದರೆ ಸ್ವಲ್ಪ ಉಪಯೋಗ. ಸುಮ್ನೆ ನಡುವೆ ಒಂದು ಗೋಡೆ ಎತ್ತಿದರೆ ಹಾರಿ ಬರಲು ಇನ್ನಷ್ಟು ಇಟ್ಟಿಗೆ ಒದಗಿಸಿದಂತೆ ಆಯಿತು ಅಷ್ಟೇ. ಹೈದರಾಬಾದಿನವರನ್ನು ಒಂದೇ ಪ್ರಶ್ನೆ ಕೇಳಿ: ಎಷ್ಟು ಒತ್ತಡಕ್ಕೆ, ಎಷ್ಟು ಮಿಲಿಸೆಕೆಂಡಿಗೆ ಡಿಸೈನ್ ಮಾಡಿದ್ದೀರಿ? ಎರಡೂ ಸಂಖ್ಯೆ ಇಲ್ಲದೆ "ಬ್ಲಾಸ್ಟ್" ಅನ್ನುವ ಮಾತಿಗೆ ಅರ್ಥ ಇಲ್ಲ. ಆ ಸಂಖ್ಯೆ ಪ್ರೋಸೆಸ್ ಕಡೆಯವರು ಕೊಡಬೇಕು, ಸಿವಿಲ್‌ನವರು ಊಹಿಸುವುದಲ್ಲ.

ಒಳಗಿನ ಸಾಮಾನನ್ನೂ ಮರೆಯಬೇಡಿ. ಫಾಲ್ಸ್ ಸೀಲಿಂಗ್, ಎಸಿ ಡಕ್ಟ್, ಗೋಡೆಗೆ ಬಿಗಿಯದ ಸ್ಟೀಲ್ ಬೀರು. ಕಟ್ಟಡ ಉಳಿದರೂ ಇವು ಜನರ ಮೇಲೆ ಬೀಳುತ್ತವೆ. ಬಾಗಿಲು ಪ್ಲಾಂಟ್‌ನ ವಿರುದ್ಧ ದಿಕ್ಕಿಗೂ ಒಂದು ಇರಲೇಬೇಕು.

ನನ್ನನ್ನು ಕೇಳಿದರೆ, ಬ್ಲಾಸ್ಟ್ ಕಟ್ಟಡಕ್ಕೆ ಸುರಿಯುವ ದುಡ್ಡಿನಲ್ಲಿ ಗೇಟಿನ ಹತ್ತಿರದ ಶೆಡ್ ಕೆಡವಿ ಅಲ್ಲೇ ಒಳ್ಳೆ ಕ್ಯಾಂಟೀನ್ ಕಟ್ಟಬಹುದು. ಎತ್ತರದ ಮಾಡು, ಉಷ್ಣ ತಡೆಯುವ ಶೀಟ್, ದಾರಿಯುದ್ದಕ್ಕೂ ನೆರಳು. ಪ್ಲಾಂಟ್ ಹೆಡ್ ಹೇಳುವ ಅರ್ಧ ಗಂಟೆ ಹಾಳಾಗುವುದು ನಡೆಯುವುದರಲ್ಲಲ್ಲ ಅಂತ ನನ್ನ ಅನುಮಾನ. 150 ಮೀಟರ್ ನಡೆಯಲು ಎರಡು ನಿಮಿಷ. ಊಟದ ಕ್ಯೂ ಮತ್ತು ಬಟ್ಟೆ ಬದಲಿಸುವ ಕ್ಯೂ ಎಷ್ಟು ಉದ್ದ ಇದೆ, ಒಮ್ಮೆ ಗಡಿಯಾರ ಹಿಡಿದು ನೋಡಿ.

ಗಾಳಿಪಟ_77

ಗಾಳಿ ಬಗ್ಗೆ ಹೇಳಿದ್ದು ಒಪ್ಪಿದೆ. ಆದರೆ ಸಣ್ಣ ಪ್ಲಾಟ್‌ನಲ್ಲಿ ಇವರು ಎಲ್ಲಿ ಅಂತ ಹೋಗಬೇಕು? ಇಂಗ್ಲೆಂಡು, ಅಮೆರಿಕದ ಕಥೆ ಹೇಳಿದರೆ ಮಾಲೀಕರು "ಅದು ದೊಡ್ಡ ರಿಫೈನರಿ, ನಮ್ಮದು ಸಣ್ಣದು" ಎನ್ನುತ್ತಾರೆ.

ಸುರತ್ಕಲ್_ಶಿಫ್ಟ್

ಹಾಗಾದರೆ ಪಕ್ಕದ್ದೇ ಹೇಳುವ. 2024ರ ಆಗಸ್ಟ್ 21, ಆಂಧ್ರದ ಅಚ್ಯುತಾಪುರಂ. ಅದೂ ಔಷಧಿ ಘಟಕವೇ. ಮೇಲಿನ ಮಹಡಿಯಲ್ಲಿ ಸಾಲ್ವೆಂಟ್ ಸೋರಿ, ಆವಿ ಕೆಳಗಿಳಿದು, ಕಿಡಿ ಸಿಕ್ಕಿ ಸ್ಫೋಟ. ಗೋಡೆ, ಸ್ಲ್ಯಾಬ್ ಕುಸಿದವು. 17 ಜನ ಸತ್ತರು. ಮಧ್ಯಾಹ್ನದ ಊಟದ ಹೊತ್ತಾದ್ದರಿಂದ ಒಳಗೆ ಜನ ಕಡಿಮೆ ಇದ್ದರು ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಈಗ ಬೀದರಿನವರ ನಕ್ಷೆ ನೋಡಿ. ಇಲ್ಲಿ ಊಟದ ಹೊತ್ತೇ ಯಾರ್ಡ್ ಪಕ್ಕ ಜನ ಅತಿ ಜಾಸ್ತಿ ಸೇರುವುದು.

ಸಣ್ಣ ಪ್ಲಾಟ್ ಅನ್ನುವುದು ನಿಜ. ಅದಕ್ಕೇ ಮೀಟರ್ ಲೆಕ್ಕದಿಂದ ಶುರು ಮಾಡಬೇಡಿ ಅನ್ನುವುದು. ಸೂತ್ರ ಕೇಳಿದರಲ್ಲ, ಎಲ್ಲರಿಗೂ ಒಂದೇ ಸೂತ್ರ ಇಲ್ಲ. ಲೈಸೆನ್ಸಿನ ದೂರ ಅನ್ನುವುದು ಕನಿಷ್ಠ ಮಿತಿ, ನಿಮ್ಮ ಕ್ಯಾಂಟೀನಿನಲ್ಲಿ ಎಷ್ಟು ಜನ ಎಷ್ಟು ಹೊತ್ತು ಕೂರುತ್ತಾರೆ ಅಂತ ಅದಕ್ಕೆ ಗೊತ್ತಿಲ್ಲ. ನಾನಾದರೆ ಹೀಗೆ ಮಾಡುತ್ತಿದ್ದೆ. ಪ್ಲಾಟ್‌ನ ನಕ್ಷೆ ತೆಗೆದು, ಪ್ರತಿ ಕಟ್ಟಡದ ಮೇಲೆ ಅದರಲ್ಲಿ ಕೂರುವ ಜನರ ಸಂಖ್ಯೆ ಬರೆಯಿರಿ. ಜನರಲ್ ಶಿಫ್ಟ್‌ಗೆ ಒಂದು ಸಂಖ್ಯೆ, ರಾತ್ರಿಗೆ ಒಂದು, ಊಟಕ್ಕೆ ಒಂದು. ಸೆಕ್ಯುರಿಟಿ ಕೋಣೆ, ವೇಬ್ರಿಜ್ ಕೋಣೆ, ಕಾಂಟ್ರ್ಯಾಕ್ಟರ್ ಗೋಡೌನ್ ಯಾವುದನ್ನೂ ಬಿಡಬೇಡಿ. ಆಮೇಲೆ ಒಬ್ಬೊಬ್ಬರಿಗೂ ಕೇಳಿ: ಇವರು ಇಲ್ಲೇ ಇರಬೇಕಾ? ರಿಯಾಕ್ಟರ್ ನೋಡುವವನು ಇರಬೇಕು. ಪ್ಯಾನೆಲ್ ಮುಂದಿನವನು ಇರಬೇಕಾಗಿಲ್ಲ, ಕೇಬಲ್ ಎಳೆದರೆ ಆಯಿತು. ಅಕೌಂಟ್ಸ್, ಎಚ್‌ಆರ್, ಟ್ರೇನಿಂಗ್ ಹಾಲ್‌ಗೆ ಅಲ್ಲಿ ಏನು ಕೆಲಸ? ಅವರನ್ನೆಲ್ಲ ಗೇಟಿನ ಕಡೆಗೆ ಎಳೆಯಿರಿ. ಕ್ಯೂಸಿಯವರು ಸ್ಯಾಂಪಲ್ ಹತ್ತಿರ ಇರಬೇಕು ಎಂದು ಜಗಳ ಮಾಡುತ್ತಾರೆ, ಎಲ್ಲಾ ಕಡೆ ಮಾಡುತ್ತಾರೆ. ಇನ್‌ಪ್ರೋಸೆಸ್ ಟೆಸ್ಟ್‌ಗೆ ಬ್ಲಾಕಿನಲ್ಲಿ ಒಂದು ಸಣ್ಣ ಮೇಜು ಕೊಡಿ, ಒಬ್ಬರು ಸಾಕು. ಉಳಿದ ಸ್ಯಾಂಪಲ್ ಸೈಕಲ್‌ನಲ್ಲಿ ಹೋಗಲಿ.

ಜನರನ್ನು ಸರಿಸಿ ಮುಗಿದ ಮೇಲೆ ಉಳಿದ ಕಟ್ಟಡಗಳಿಗೆ ಮಾತ್ರ ಅಕ್ಕ ಹೇಳಿದ ಒತ್ತಡ, ಮಿಲಿಸೆಕೆಂಡಿನ ಲೆಕ್ಕ ಮಾಡಿಸಿ. ಆಗ ಕನ್ಸಲ್ಟೆಂಟ್ ಬಿಲ್ಲೂ ಇಳಿಯುತ್ತದೆ. ಅನ್‌ಲೋಡಿಂಗ್ ಜಾಗದ ಚರಂಡಿಯನ್ನು ಮಾತ್ರ ಯಾರನ್ನೂ ಕಾಯದೆ ಈ ವಾರವೇ ತಿರುಗಿಸಿ. ಅದಕ್ಕೆ ಸ್ಟಡಿ ಬೇಕಾಗಿಲ್ಲ, ಗಾರೆಯವರು ಬೇಕು.

ಬೀದರ್_ಸೇಫ್ಟಿ

ಕಂಟೇನರ್ ಇವತ್ತು ಸರಿಸಿದರು ಸರ್. ಹುಡುಗರು ನನ್ನ ಮೇಲೆ ಸಿಟ್ಟಾಗಿದ್ದಾರೆ, ನೆರಳು ಹೋಯಿತು ಅಂತ. ಶೇಡ್ ನೆಟ್‌ಗೆ ಇಂಡೆಂಟ್ ಹಾಕಿದ್ದೇನೆ. ಕ್ಯಾಂಟೀನ್ ಕ್ಯೂ ಅಳೆದೆ, ಅಕ್ಕ ಹೇಳಿದ್ದು ನಿಜ. ತಟ್ಟೆ ಹಿಡಿದು ನಿಲ್ಲುವುದರಲ್ಲೇ ಹೊತ್ತು ಹೋಗುತ್ತಿದೆ, ಒಂದೇ ಕೌಂಟರ್ ಇದೆ. ಬರುವ ವಾರ ಸೇಫ್ಟಿ ಕಮಿಟಿ ಮೀಟಿಂಗ್ ಇದೆ. ಜನರ ಸಂಖ್ಯೆ ಬರೆದ ನಕ್ಷೆ ಅಲ್ಲಿ ಇಡುತ್ತೇನೆ. ಇಲ್ಲೂ ಹಾಕಿದ್ದೇನೆ, ಗುರುತು ಸಿಗುವ ಹೆಸರುಗಳನ್ನು ಅಳಿಸಿದ್ದೇನೆ. ಏನಾದರೂ ಬಿಟ್ಟಿದ್ದರೆ ಹೇಳಿ.

ಸುರತ್ಕಲ್_ಶಿಫ್ಟ್

ನೋಡಿದೆ. ಕಮಿಟಿಯಲ್ಲಿ ಕೆಲಸಗಾರರ ಕಡೆಯವರೂ ಇರುತ್ತಾರಲ್ಲ, ನಕ್ಷೆಯನ್ನು ಅವರ ಕೈಗೂ ಒಂದು ಪ್ರತಿ ಕೊಡಿ, ಚರ್ಚೆ ಆದದ್ದನ್ನು ಮಿನಿಟ್ಸ್‌ನಲ್ಲಿ ಬರೆಸಿ. ಹೊಸ ಕಟ್ಟಡಕ್ಕೆ ಕಾರ್ಖಾನೆ ಇಲಾಖೆಯ ಒಪ್ಪಿಗೆ ಹೇಗೂ ಬೇಕು, ಆಗ ಆ ಕಾಗದ ಕೆಲಸಕ್ಕೆ ಬರುತ್ತದೆ.

ಬಿಟ್ಟದ್ದು ಎರಡು ಇವೆ. ಬೈಕ್ ಸ್ಟ್ಯಾಂಡ್ ಎಲ್ಲಿ? ಸಂಜೆ ಶಿಫ್ಟ್ ಬದಲಾಗುವಾಗ ಅಷ್ಟೂ ಎಂಜಿನ್ ಒಟ್ಟಿಗೆ ಸ್ಟಾರ್ಟ್ ಆಗುವ ಜಾಗ ಅದು. ಇನ್ನೊಂದು, ಹೈಡ್ರೋಜನೇಷನ್ ಬ್ಲಾಕ್ ಅಂತ ಬರೆದಿದ್ದೀರಿ, ಹೈಡ್ರೋಜನ್ ಸಿಲಿಂಡರ್ ಬ್ಯಾಂಕ್ ನಕ್ಷೆಯಲ್ಲಿ ಕಾಣಲೇ ಇಲ್ಲ. ಅದನ್ನೂ ಗುರುತು ಮಾಡಿ ಮತ್ತೊಮ್ಮೆ ಹಾಕಿ.